ಕೆಮ್ಮಿ ತೆಗೆದ ಫೋಟೊ

ನಮ್ಮ ಯಜಮಾನರಿಗೆ ಒಂದು ಕೆಮ್ಮು ಇದೆ. ಡಾಕ್ಟರಿಗೆ ತೋರಿಸುವ ಕೆಮ್ಮಲ್ಲ, ಫೋಟೊ ತೆಗೆಯುವ ಕೆಮ್ಮು. ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯದೆ ಹೊಟ್ಟೆಯ ಮೇಲೆ ಇಳಿಬಿಟ್ಟುಕೊಂಡು, ಬಸ್ಸು ಕಾಯುವವರ ಹಾಗೆ ಎತ್ತಲೋ ನೋಡುತ್ತಾ ನಿಲ್ಲುತ್ತಾರೆ. ಬೇಕಾದವರು ಬೇಕಾದ ಬೆಳಕಿಗೆ ಬಂದು ನಿಂತರೋ, ಜೋರಾಗಿ ಒಂದು ಸಲ ಕೆಮ್ಮಿ ಗುಂಡಿ ಒತ್ತುತ್ತಾರೆ. ಕ್ಲಿಕ್ ಸದ್ದು ಕೆಮ್ಮಿನೊಳಗೆ ಮುಚ್ಚಿಹೋಗುತ್ತದೆ. ಎದುರು ಮನೆಯ ಮಾಮಿ ಇವರಿಗೆ ಕ್ಷಯವೇ ಇರಬೇಕೆಂದು ನನ್ನನ್ನು ಮೂಲೆಗೆ ಕರೆದು ಸಮಾಧಾನ ಹೇಳಿದ್ದೂ ಉಂಟು. ನಾನೇನು ಹೇಳಲಿ? ಕ್ಷಯ ಅಲ್ಲ ಮಾಮಿ, ಕಂಡವರ ಮುಖ ಕದಿಯುವ ರೋಗ ಎನ್ನಲೇ?

ಇವರ ಹೆಸರು ಗಂಗಾಧರ. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಕಥೆಗೆ ಬೇಕೆಂದು ಒಂದು ಸಲ ಹೇಳಿದ್ದೇನೆ. ರೈಲ್ವೆಯಲ್ಲಿ ಲೆಕ್ಕಪತ್ರದ ಕೆಲಸ. ವಾರವಿಡೀ ಬಾಯಿಗೆ ಬೀಗ ಹಾಕಿಕೊಂಡು ಇರುವ ಮನುಷ್ಯ ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು, ತ್ರಿಪ್ಲಿಕೇನಿನ ನಮ್ಮ ಗಲ್ಲಿ ಇಳಿದು ಮಾಯವಾಗುತ್ತಾರೆ. ಬೀಚು, ಪ್ಯಾರೀಸ್ ಕಾರ್ನರ್, ಕೋಯಂಬೇಡು ಮಾರ್ಕೆಟ್ಟು, ಎಲ್ಲಿ ಜನವೋ ಅಲ್ಲಿ. ಸಂಜೆ ನಮ್ಮ ಬಚ್ಚಲುಮನೆ ನಮ್ಮದಲ್ಲ. ಕೆಂಪು ಬಲ್ಬು ಹಾಕಿ, ತಟ್ಟೆಗಳಲ್ಲಿ ಫೋಟೊ ತೊಳೆಯುವ ಔಷಧಿ ಸುರಿದು, ಬಾಗಿಲು ಬಡಿದರೂ "ಬೆಳಕು ಬಿಡಬೇಡ" ಎಂದು ಕೂಗುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟೆಯ ತಂತಿಯಲ್ಲಿ ಒಣಗಲು ಹಾಕಿದ ನನ್ನ ಲಂಗದ ಪಕ್ಕದಲ್ಲಿ ಯಾವನೋ ಮೀನು ಬುಟ್ಟಿಯವನು ಒದ್ದೆ ಫೋಟೊ ಆಗಿ ನೇತಾಡುತ್ತಿರುತ್ತಾನೆ. ಕಾಲೇಜಿಗೆ ಹೋಗುವ ಮಗಳು ಚಿನ್ಮಯಿ ಅಪ್ಪನ ಜೊತೆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದಾಳೆ. ಒಮ್ಮೆ ಗೆಳತಿಯರು ಯಾರು ಅವರು ಎಂದು ಕೇಳಿದಾಗ "ಎನಕ್ಕು ತೆರಿಯಾದು, ಯಾರೋ" ಎಂದುಬಿಟ್ಟಳಂತೆ. ತಂದೆಯನ್ನೇ ಗೊತ್ತಿಲ್ಲ ಎಂದ ಮಗಳನ್ನು ಬೈಯಲು ಹೋದರೆ ನನಗೂ ಬಾಯಿ ಬರಲಿಲ್ಲ.

"ರೀ, ಕೇಳಿ ತೆಗೆದ್ರೆ ಏನು ಗಂಟು ಹೋಗುತ್ತೆ?" ಎಂದು ಎಷ್ಟು ಸಲ ಕೇಳಿದ್ದೇನೋ.

"ಕೇಳಿದ ಕ್ಷಣ ಮುಖ ಸತ್ತುಹೋಗುತ್ತೆ ಕಣೇ. ಆಮೇಲೆ ಇರೋದು ಬರೀ ಪಾಸ್‌ಪೋರ್ಟ್ ಫೋಟೊ. ಕ್ಯಾಂಡಿಡ್ ಅಂದ್ರೆ ಅದೇ, ನೋಡ್ತಿದ್ದಾರೆ ಅಂತ ಗೊತ್ತಿಲ್ದಾಗ ಮನುಷ್ಯ ಹೇಗಿರ್ತಾನೋ ಹಾಗೆ."

ಆದರೆ ಒಂದು ಮಾತು ಒಪ್ಪಬೇಕು. ಕದ್ದದ್ದನ್ನು ಇವರು ಹಿಂದಕ್ಕೆ ಕೊಡುತ್ತಾರೆ. ಚೆನ್ನಾಗಿ ಬಂದ ಚಿತ್ರದ ಒಂದು ಚಿಕ್ಕ ಪ್ರಿಂಟು ಹಾಕಿ, ಅಂಗಿ ಜೇಬಿನಲ್ಲಿ ಇಟ್ಟುಕೊಂಡು, ಮುಂದಿನ ವಾರಗಳಲ್ಲಿ ಅದೇ ಬೀದಿಗೆ ಹೋಗಿ ಆ ಮನುಷ್ಯರನ್ನು ಹುಡುಕಿ ಕೈಗೆ ಕೊಡುತ್ತಾರೆ. ಬಹಳ ಮಂದಿ ಖುಷಿಪಟ್ಟು ಟೀ ಕುಡಿಸಿದ್ದಾರೆ. ಹೂ ಕಟ್ಟುವ ಹೆಂಗಸೊಬ್ಬಳು ಮಾತ್ರ ಪ್ರಿಂಟನ್ನು ಹರಿದು ಇವರ ಮುಖಕ್ಕೇ ಎಸೆದಳಂತೆ. ಅದನ್ನೂ ನಗುತ್ತಲೇ ಹೇಳಿದರು. ಪ್ರಿಂಟು ಕೊಟ್ಟರೆ ಲೆಕ್ಕ ಚುಕ್ತಾ ಎಂಬುದು ಇವರ ಧರ್ಮಶಾಸ್ತ್ರ.

ಈ ವರ್ಷ ಕೋಯಂಬೇಡಿನಲ್ಲಿ ತೆಗೆದ ಒಂದು ಚಿತ್ರ ಇವರ ತಲೆ ಕೆಡಿಸಿತು. ಹರಾಜು ಮುಗಿದ ಹೊತ್ತು. ಲಾರಿಯ ಚಕ್ರದ ಪಕ್ಕ, ಕೊಳೆತ ಸೊಪ್ಪು ಕೆಸರಿನ ನಡುವೆ ಒಬ್ಬ ಹೆಂಗಸು ಬಗ್ಗಿ, ಉದುರಿಬಿದ್ದ ತರಕಾರಿ ಆರಿಸುತ್ತಿದ್ದಾಳೆ. ತಲೆಗೆ ಸೆರಗು, ಮುಖ ಕಾಣುವುದಿಲ್ಲ. ಬಲಗೈ ನೆಲದ ಮೇಲೆ, ಎಡಗೈ ಸೊಂಟದ ಮೇಲೆ, ಅದೂ ಅಂಗೈ ಹೊರಮುಖವಾಗಿ. ಲಾರಿಯ ಸಂದಿನಿಂದ ಬಿಸಿಲು ಸರಿಯಾಗಿ ಆ ಅಂಗೈ ಮೇಲೆ ಬಿದ್ದಿದೆ. ನಾನೂ ತಂತಿಯ ಮೇಲೆ ಅದನ್ನು ನೋಡಿ "ಅಯ್ಯೋ ಪಾಪ, ಯಾರು ಹೆತ್ತ ಮಗಳೋ" ಎಂದು, ಹಾಗೇ ಒಗೆದ ಬಟ್ಟೆ ಮಡಚಲು ಹೋದೆ.

ಎಗ್ಮೋರಿನ ಕ್ಯಾಮೆರಾ ಕ್ಲಬ್ಬಿನವರು ಅದಕ್ಕೆ ಮೊದಲ ಬಹುಮಾನ ಕೊಟ್ಟರು. ಕ್ಲಬ್ಬಿನಲ್ಲಿ ಪ್ರತಿ ಚಿತ್ರಕ್ಕೂ ಒಂದು ಹೆಸರು ಇಡಬೇಕಂತೆ, ಇವರು ಇಂಗ್ಲಿಷಿನಲ್ಲಿ 'ಹಂಗರ್' ಎಂದು ಇಟ್ಟಿದ್ದರು. ಹಸಿವು! ಮುಂದಿನ ವಾರದ ಶನಿವಾರ ಪ್ರದರ್ಶನ, ಅದೇ ದಿನ ಪೇಪರಿನ ಸ್ಥಳೀಯ ಪುಟದಲ್ಲಿ ಚಿತ್ರ ಬರುವುದಿತ್ತು. ಸೇರಿದಾಗಿನಿಂದ ಕ್ಲಬ್ಬಿನಲ್ಲಿ ಹಿಂದಿನ ಕುರ್ಚಿಯಲ್ಲೇ ಕೂತ ಮನುಷ್ಯ ಇವರು. ಈಗ ಡಿಜಿಟಲ್ ಕ್ಯಾಮೆರಾ ಹಿಡಿದ ಹುಡುಗರೆಲ್ಲ ಇವರನ್ನು ಸುತ್ತಿಕೊಂಡು "ಸಾರ್, ಹೇಗೆ ತೆಗೆದ್ರಿ ಸಾರ್" ಎನ್ನುತ್ತಿದ್ದರು. ಮನೆಗೆ ಬಂದು ಅದನ್ನು ನನಗೆ ಎರಡೆರಡು ಸಲ ಹೇಳಿದರು. ನಾನು ಅಂದು ಪಾಯಸ ಮಾಡಿದೆ. ಸುಳ್ಳೇಕೆ, ನನಗೂ ಸಂತೋಷವಾಗಿತ್ತು.

ಇನ್ನು ಉಳಿದದ್ದು ಆ ಹೆಂಗಸಿಗೆ ಪ್ರಿಂಟು ಕೊಡುವುದು. ಇವರು ಕೋಯಂಬೇಡಿಗೆ ಹೋಗಿ ಅಂಗಡಿ ಅಂಗಡಿಗೆ ಚಿತ್ರ ತೋರಿಸಿ ವಿಚಾರಿಸಿದರು. ಮೂಟೆ ಹೊರುವವರಿಗೆ ತೋರಿಸಿದರು, ಟೀ ಅಂಗಡಿಯಲ್ಲಿ ತೋರಿಸಿದರು. ಕೊನೆಗೆ ಒಬ್ಬ ಟೊಮೆಟೊ ವ್ಯಾಪಾರಿ, ಈಯಮ್ಮ ತ್ರಿಪ್ಲಿಕೇನ್ ಕಡೆಯ ಮೊದಲ ಬಸ್ಸಿಗೆ ಬಂದು ಹೋಗುತ್ತಾಳೆ, ಹೆಸರು ಗೊತ್ತಿಲ್ಲ ಎಂದನಂತೆ.

"ನಮ್ಮ ಏರಿಯಾದವಳೇ ಕಣೇ!" ಎಂದು ಇವರು ಆ ಭಾನುವಾರ ಕುಣಿಯುತ್ತಾ ಬಂದರು. "ಮೆಸ್ಸಿನಲ್ಲಿ ಕೇಳೋಣ. ಅಲ್ಲಿ ಎಲ್ರಿಗೂ ಎಲ್ರೂ ಗೊತ್ತು."

ಮೆಸ್ ಎಂದರೆ ಪಕ್ಕದ ಬೀದಿಯ ಗುಣವತಿಯ ಮೆಸ್. ಭಾನುವಾರ ನನ್ನ ಒಲೆಗೆ ರಜೆ, ಮಧ್ಯಾಹ್ನದ ಊಟ ಅಲ್ಲಿಯೇ. ಗುಣವತಿ ಉಡುಪಿ ಕಡೆಯವಳು, ನನಗಿಂತ ಸ್ವಲ್ಪ ಚಿಕ್ಕವಳು. ಗಂಡ ಸತ್ಯನಾರಾಯಣ ಇರುವ ತನಕ ಆ ಎರಡು ಉದ್ದ ಮೇಜುಗಳಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅಡುಗೆಭಟ್ಟರು ಶೋಳಿಂಗನಲ್ಲೂರಿನ ಯಾವುದೋ ಕಂಪ್ಯೂಟರ್ ಕಂಪನಿಯ ಕ್ಯಾಂಟೀನಿಗೆ ಹೋದರು. ಅವರ ಹಿಂದೆಯೇ ಊಟಕ್ಕೆ ಬರುತ್ತಿದ್ದ ಬ್ರಹ್ಮಚಾರಿಗಳೂ ಅತ್ತ ಕಡೆ ರೂಮು ಮಾಡಿಕೊಂಡರು. ಗುಣವತಿ ತಾನೇ ಸೌಟು ಹಿಡಿದಳು. ಕೊದ್ದೆಲ್ ಎಂದು ಅವಳು ಕರೆಯುವ ಹುಳಿಯ ರುಚಿ ಒಂದಿಷ್ಟೂ ಕೆಡಲಿಲ್ಲ. ಅವಳು ಎಲ್ಲಿಯೂ ಕಷ್ಟ ಎಂಬ ಶಬ್ದ ಎತ್ತಿದವಳಲ್ಲ. "ಸುಖವಾಗಿ ಉಂಟು ಅನಸೂಯಕ್ಕ, ದೇವರು ನಡೆಸಿಕೊಂಡು ಹೋಗ್ತಾನೆ" ಎಂದೇ ಅವಳ ಮಾತು.

ಅಂದು ಮೇಜಿನಲ್ಲಿ ಐದಾರು ಮಂದಿ ಇದ್ದರು. ಎಲೆ ಹಾಕಿ ಅನ್ನ ಬಡಿಸಿದ್ದಾಗಿತ್ತು. ಇವರು ಜೇಬಿನಿಂದ ಚಿತ್ರ ತೆಗೆದು ಎದುರಿಗೆ ಕೂತ ಬ್ಯಾಂಕಿನ ಗಿರಿಧರ್ ಕೈಗೆ ಕೊಟ್ಟರು.

"ಬಹುಮಾನ ಬಂದದ್ದು ಇದಕ್ಕೇ ನೋಡಿ. ಶನಿವಾರ ಪೇಪರಿನಲ್ಲಿ ಬರುತ್ತೆ. ಈಯಮ್ಮ ಇಲ್ಲೇ ಎಲ್ಲೋ ಇದ್ದಾಳಂತೆ. ಯಾರಾದ್ರೂ ಕಂಡಿದ್ದೀರಾ?"

ಗಿರಿಧರ್ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. "ಕೆಸರಿನಿಂದ ಆರಿಸ್ತಿದ್ದಾಳಲ್ಲ ಸಾರ್! ಛೆ. ಇದನ್ನ ತಗೊಂಡು ಹೋಗಿ ತಿಂತಾರಾ?"

"ಹೊಟ್ಟೆಪಾಡು ಸ್ವಾಮಿ. ಅದಕ್ಕೇ ಹಸಿವು ಅಂತ ಹೆಸರಿಟ್ಟೆ."

"ಎಲ್ಲೋ ನೋಡಿದ ಹಾಗಿದೆಯಲ್ಲ..." ಎಂದು ಗಿರಿಧರ್ ಹುಬ್ಬು ಗಂಟಿಕ್ಕಿ, ಚಿತ್ರವನ್ನು ಮೇಜಿನ ಮೇಲೆ ನಡುವೆ ಇಟ್ಟ. ಎಲ್ಲರೂ ಕುತ್ತಿಗೆ ಚಾಚಿದರು.

ಅಷ್ಟರಲ್ಲಿ ಗುಣವತಿ ಸಾರಿನ ಪಾತ್ರೆ ಹಿಡಿದು ಬಂದಳು. ನನ್ನ ಎಲೆಗೆ ಬಗ್ಗಿದಳು. ಬಲಗೈಯಲ್ಲಿ ಸೌಟು. ಪಾತ್ರೆಯನ್ನು ಮೇಜಿನ ಮೇಲಿಟ್ಟ ಎಡಗೈ ತಾನೇ ತಾನಾಗಿ ಹಿಂದಕ್ಕೆ ಹೋಗಿ ಸೊಂಟದ ಮೇಲೆ ಕೂತಿತು. ಅಂಗೈ ಹೊರಮುಖವಾಗಿ.

ನನ್ನ ಕಣ್ಣು ಚಿತ್ರಕ್ಕೆ ಹೋಯಿತು, ಕೈಗೆ ಬಂತು, ಮತ್ತೆ ಚಿತ್ರಕ್ಕೆ ಹೋಯಿತು. ಇಷ್ಟು ವರ್ಷ ವಾರ ವಾರ ಕಂಡ ಕೈ! ಗುಣವತಿಯೂ ಚಿತ್ರ ನೋಡಿದಳು. ಸೌಟು ನಿಂತಿತು, ಸಾರು ಎಲೆಯಿಂದಾಚೆ ಸೋರಿತು. ಅವಳು ತಲೆ ಎತ್ತಿದಳು. ಎದುರಿಗಿದ್ದದ್ದು ನನ್ನ ಮುಖ. ನನಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಯಿತು.

ಗಿರಿಧರ್ ಇನ್ನೂ ಯೋಚಿಸುತ್ತಲೇ ಇದ್ದ. ಇನ್ನೊಂದು ಉಸಿರಿನಲ್ಲಿ ಹೇಳಿಬಿಡುತ್ತಾನೆ ಅನಿಸಿತು. ಹೇಳಿದರೆ ಆ ಮೆಸ್ಸಿನ ಕಥೆ ಅಲ್ಲಿಗೆ ಮುಗಿಯಿತು. ಕೆಸರಿನಲ್ಲಿ ಆರಿಸಿದ್ದನ್ನು ಬಡಿಸಿದಳೆಂದು ತ್ರಿಪ್ಲಿಕೇನ್ ತುಂಬ ಡಂಗುರ ಹೊಡೆದರೆ ನಾಳೆ ಆ ಬಾಗಿಲಿಗೆ ಯಾರು ಕಾಲಿಡುತ್ತಾರೆ? ನಾನು ಮಜ್ಜಿಗೆ ಲೋಟ ಎತ್ತಿ ಚಿತ್ರದ ಮೇಲೆ ಸುರಿದುಬಿಟ್ಟೆ.

"ಏ! ನಿನಗೇನು ದೆವ್ವ ಹಿಡಿದಿದೆಯೇನೇ?" ಇವರು ಎದ್ದು ನಿಂತರು. ಅಷ್ಟು ಜನರ ಮುಂದೆ ನನ್ನನ್ನು ಹಾಗೆ ಕೂಗಿದ್ದು ಅದೇ ಮೊದಲು.

"ಕೈ ತಪ್ಪಿತು" ಎಂದೆ.

ಗುಣವತಿ ಮೇಜು ಒರೆಸುವ ಬಟ್ಟೆ ತಂದಳು. "ಹೋಗ್ಲಿ ಬಿಡಿ ಗಂಗಾಧರಣ್ಣ, ಮಜ್ಜಿಗೆ ಅಲ್ವಾ" ಎನ್ನುತ್ತಾ ಮಜ್ಜಿಗೆಯನ್ನೂ ಚಿತ್ರವನ್ನೂ ಒಟ್ಟಿಗೆ ಬಳಿದು ಬಕೆಟ್ಟಿಗೆ ಹಾಕಿದಳು. ಅವಳ ಧ್ವನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಒರೆಸಿದ ಜಾಗವನ್ನೇ ಮಾತ್ರ ಇನ್ನೊಮ್ಮೆ ಒರೆಸಿದಳು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಮನೆಗೆ ಬಂದು ಬಾಗಿಲು ಹಾಕಿ ಹೇಳಿದೆ. ಮೊದಲು ಇವರು ನಂಬಲಿಲ್ಲ. ಒಳಗೆ ಹೋಗಿ ತೆಗೆದಿಟ್ಟಿದ್ದ ಇನ್ನೊಂದು ಪ್ರತಿ ತಂದು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಂಚದ ತುದಿಯಲ್ಲಿ ಕೂತರು.

"ನಾನು ಕೈ ನೋಡಿದೆ" ಎಂದರು. "ಬೆಳಕು ನೋಡಿದೆ. ಯಾರು ಅಂತ ನೋಡಲೇ ಇಲ್ಲ."

"ತಂತಿಯ ಮೇಲೆ ನೋಡಿಯೂ ಗುರುತು ಹಿಡಿಯದ ನನಗೂ ಮಾತಾಡಲು ಮುಖವಿಲ್ಲ. ಆದರೆ ಊರೂರು ತೋರಿಸಿಕೊಂಡು ಬಂದವರು ನೀವು! ಕೋಯಂಬೇಡಿನಲ್ಲಿ ತೋರಿಸಿದಿರಿ, ಸಾಲದು ಅಂತ ಅವಳ ಮೆಸ್ಸಿಗೇ ಹೋಗಿ ಅವಳ ಮೇಜಿನಲ್ಲೇ ತೋರಿಸಿದಿರಿ. ಊರಿಗೆ ಉಪಕಾರಿ! ಅವಳ ಮಾನ ಹರಾಜು ಹಾಕಿದಿರಿ."

"ಮುಖ ಕಾಣಲ್ಲವಲ್ಲ ಅನಸೂಯ..." ಎಂದು ಮೆಲ್ಲಗೆ ಅಂದರು. ಬಹುಮಾನದ ಆಸೆ ಇನ್ನೂ ಬಿಟ್ಟಿರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು.

"ನಾನು ಮಜ್ಜಿಗೆ ಸುರಿಯದಿದ್ರೆ ಗಿರಿಧರ ಇನ್ನೊಂದು ಕ್ಷಣದಲ್ಲಿ ಗುರುತು ಹಿಡೀತಿದ್ದ. ಶನಿವಾರ ಪೇಪರಿನಲ್ಲಿ ಬಂದರೆ ಅವನು ದಿನವಿಡೀ ನೋಡ್ತಾನೆ. ಅವಳಿಗೆ ಆ ಮೆಸ್ ಬಿಟ್ರೆ ಬೇರೆ ಏನಿದೆ ಹೇಳಿ? ನಿಮಗೆ ನಾಳೆ ಆಫೀಸಿದೆ, ಸಂಬಳ ಇದೆ. ಅವಳಿಗೆ?"

ಆ ಸಂಜೆ ಬಚ್ಚಲುಮನೆಯ ಕೆಂಪು ಬಲ್ಬು ಹತ್ತಲಿಲ್ಲ.

ಮರುದಿನ ಆಫೀಸು ಮುಗಿಸಿ ಕ್ಲಬ್ಬಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಚಿತ್ರ ಹಿಂದಕ್ಕೆ ಕೇಳುತ್ತಾರೆಂಬ ನಂಬಿಕೆ ಇರಲಿಲ್ಲ, ಅದಕ್ಕೇ. ಕ್ಲಬ್ಬಿನ ಅಧ್ಯಕ್ಷರು ಹರಿಹರ ಎಂದು, ನಿವೃತ್ತ ಬ್ಯಾಂಕ್ ಮ್ಯಾನೇಜರು, ನಮ್ಮ ಕನ್ನಡದವರೇ. ಗೋಡೆಯ ಮೇಲೆ ಆಗಲೇ ಗುಣವತಿ ಬಾಗಿಲಷ್ಟು ದೊಡ್ಡದಾಗಿ ಬಗ್ಗಿ ನಿಂತಿದ್ದಳು. ಕೆಳಗೆ 'ಹಂಗರ್' ಎಂಬ ಚೀಟಿ.

"ಈ ಚಿತ್ರ ಬೇಡ, ಹಿಂದಕ್ಕೆ ತಗೋತೀನಿ" ಎಂದರು ಇವರು.

ಹರಿಹರ ನಕ್ಕರು. "ಏನ್ರೀ ಗಂಗಾಧರ್, ತಮಾಷೇನಾ? ಜಡ್ಜ್‌ಗಳು ಹೋಗಿಯಾಯ್ತು, ಪೇಪರಿನವರಿಗೆ ಕಾಪಿ ಕೊಟ್ಟಾಯ್ತು. ಬಹುಮಾನ ಘೋಷಣೆ ಆದ್ಮೇಲೆ ಚಿತ್ರ ಕ್ಲಬ್ಬಿಂದು. ನೀವೇ ಒಪ್ಪಿದ ರೂಲು."

ಇವರು ಗೋಡೆಯ ಮೇಲಿನ ಚಿತ್ರದ ಮುಂದೆ ಹೋಗಿ ನಿಂತರು. ಆಮೇಲೆ ಹೇಳಿದ ಮಾತು ನಾನು ಕನಸಿನಲ್ಲೂ ಎಣಿಸಿದ್ದಲ್ಲ.

"ಇದು ಕ್ಯಾಂಡಿಡ್ ಅಲ್ಲ ಸರ್. ಆ ಹೆಂಗಸನ್ನ ನಾನೇ ಹೇಳಿ ನಿಲ್ಲಿಸಿದೆ. ಹೀಗೆ ಬಗ್ಗು, ಕೈ ಹೀಗಿಡು ಅಂತ. ತರಕಾರಿ ಚೆಲ್ಲಿದ್ದೂ ನಾನೇ."

ಕ್ಯಾಂಡಿಡ್ ಎಂದು ಹೇಳಿ, ನಿಲ್ಲಿಸಿ ತೆಗೆದ ಚಿತ್ರ ಕಳಿಸುವುದು ಆ ಜನರ ಪಾಲಿಗೆ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. ಹರಿಹರರ ನಗು ಇಳಿಯಿತು. ಅಲ್ಲಿದ್ದ ಹುಡುಗರು ಕೈಯಲ್ಲಿದ್ದ ಮೊಳೆ ಸುತ್ತಿಗೆ ಬಿಟ್ಟು ಇವರನ್ನೇ ನೋಡಿದರು. ವಾರದ ಹಿಂದೆ "ಹೇಗೆ ತೆಗೆದ್ರಿ ಸಾರ್" ಎಂದವರೇ.

"ನಿಮ್ಮ ಹಳೇ ಚಿತ್ರಗಳೂ ಹೀಗೇನಾ?" ಎಂದು ಹರಿಹರ ಕೇಳಿದರು.

ಇವರು ತಲೆ ಬಗ್ಗಿಸಿದರು. ಇಲ್ಲ ಎನ್ನಲಿಲ್ಲ. ಇಲ್ಲ ಎಂದರೆ, ಹಾಗಾದರೆ ಇದೊಂದು ಯಾಕೆ ಎಂದು ಮತ್ತೆ ಪ್ರಶ್ನೆ ಬರುತ್ತಿತ್ತು.

ಹರಿಹರ ನನ್ನ ಕಡೆ ತಿರುಗಿದರು. ನಾನಾದರೂ ಅಲ್ಲ ಎಂದು ಹೇಳುತ್ತೇನೇನೋ ಎಂಬಂತೆ ನೋಡಿದರು. ನಾಲಿಗೆಯ ತುದಿಗೆ ಬಂದಿತ್ತು. ಈ ಮನುಷ್ಯ ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ ಸ್ವಾಮಿ, ಹೇಳುತ್ತಿರುವುದು ಇದೊಂದೇ ಎಂದು ಕೂಗಬೇಕೆನಿಸಿತು. ನುಂಗಿಕೊಂಡೆ. "ಇನ್ನು ನೀವು ಇಲ್ಲಿಗೆ ಬರಬೇಕಾಗಿಲ್ಲ" ಎಂದು ಹರಿಹರ ತಾವೇ ಸ್ಟೂಲು ಹತ್ತಿ ಚಿತ್ರ ಇಳಿಸಿ ಹರಿದು ಹಾಕಿದರು. ಪೇಪರಿನವರಿಗೆ ಫೋನು ಮಾಡಲು ಒಳಗೆ ಹೋದರು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಹುಡುಗರು ಏನೋ ಹೇಳಿ ನಕ್ಕದ್ದು ಕೇಳಿಸಿತು. ಬಸ್ಸಿನಲ್ಲಿ ಇವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಬೀದಿ ತುಂಬ ಜನ, ಸಂಜೆಯ ಬೆಳಕು. ಒಂದು ಸಲವೂ ಕೆಮ್ಮಲಿಲ್ಲ. ನನಗೆ ಆಗ ಅಳು ಬಂತು.

ಮುಂದಿನ ಭಾನುವಾರ ಮೆಸ್ಸಿಗೆ ಹೋಗಲು ಇಬ್ಬರಿಗೂ ಕಾಲೇಳಲಿಲ್ಲ. ಹೋಗದಿದ್ದರೆ ಅವಳು ಏನೆಂದುಕೊಂಡಾಳು? ಎಲ್ಲರಿಗಿಂತ ಮೊದಲೇ ಹೋದೆವು. ಮೇಜು ಖಾಲಿಯಿತ್ತು. ಇವರು ನೆಗೆಟಿವ್ ತುಂಡನ್ನೂ ಉಳಿದ ಪ್ರಿಂಟನ್ನೂ ಗುಣವತಿಯ ಕೈಗೆ ಕೊಟ್ಟು ನಿಂತರು. ಕ್ಷಮಿಸಿ ಎನ್ನಲು ಹೋಗಿ ಅರ್ಧದಲ್ಲೇ ನನ್ನ ಕಡೆ ತಿರುಗಿದರು. ಪೇಪರಿನಲ್ಲಿ ಬರಲಿಲ್ಲ, ಎಲ್ಲಿಯೂ ಬರುವುದಿಲ್ಲ, ಯಾರಿಗೂ ಗೊತ್ತಾಗಲಿಲ್ಲ ಎಂದು ಮಿಕ್ಕದ್ದನ್ನು ನಾನೇ ಹೇಳಿದೆ. ಕ್ಲಬ್ಬಿನಲ್ಲಿ ಆದದ್ದನ್ನು ಹೇಳಬೇಡವೆಂದು ಇವರು ಕಣ್ಣಲ್ಲೇ ತಡೆದರು.

ಗುಣವತಿ ನೆಗೆಟಿವ್ ತುಂಡನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. "ಹೌದಾ? ಇಷ್ಟೇಯಾ ನಾನು?" ಎಂದಳು. ಆಮೇಲೆ ಎರಡನ್ನೂ ಒಲೆಗೆ ಹಾಕಿ ಬಂದಳು.

"ಕದ್ದದ್ದಲ್ಲ ಗಂಗಾಧರಣ್ಣ. ಮೂಟೆಯಿಂದ ಉದುರಿದ್ದು, ಅವರೇ ತಗೊಂಡು ಹೋಗಿ ಅಂತಾರೆ. ಬಿಟ್ರೆ ದನ ತಿಂತದೆ. ಉಪ್ಪು ಅರಿಶಿನದ ನೀರಲ್ಲಿ ತೊಳೆದು, ಒಳ್ಳೇದು ಮಾತ್ರ ಆರಿಸಿ ಹಾಕುದು. ನಮ್ಮವರು ತೀರಿಹೋದ ಮೇಲೆ ಎಂತ ಮಾಡುದು ಹೇಳಿ?" ಬಾಳೆಎಲೆಯ ಕಟ್ಟು ಬಿಚ್ಚುತ್ತಾ, "ಹಸಿವು ಅಂತ ಹೆಸರು ಇಟ್ಟದ್ದಂತೆ ನೀವು. ಅವತ್ತು ನಂಗೆ ಹಸಿವೆ ಇರ್ಲಿಲ್ಲ ಮಾರಾಯ್ರೆ, ಎರಡು ಇಡ್ಲಿ ತಿಂದೇ ಹೋದದ್ದು" ಎಂದು ನಕ್ಕಳು.

"ಕೂತ್ಕೊಳ್ಳಿ, ಬಿಸಿ ಉಂಟು" ಎಂದು ಅವಳೇ ಎಲೆ ಹಾಸಿದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮುಗಿಯಿತು, ಅವಳ ಮಾನ ಉಳಿಯಿತು, ಉಳಿಸಿದವಳು ನಾನು ಎಂದು ಒಳಗೊಳಗೇ ಒಂದು ಹೆಮ್ಮೆಯೂ ಆಗಿರಬೇಕು. ನೀರು ಚಿಮುಕಿಸಿ ಎಲೆ ಒರೆಸಿದೆ. ಅನ್ನ ಬಂತು, ಕೊದ್ದೆಲ್ ಬಂತು. ಬೀನ್ಸ್ ಪಲ್ಯ ಬಡಿಸಿ ಅವಳು ಇವರ ಎಲೆಯ ಕಡೆ ತಿರುಗಿದಳು.

ಆಗ ನನ್ನ ಬೆರಳು ಏನು ಮಾಡಿತು ಗೊತ್ತೇ? ಪಲ್ಯದಿಂದ ಒಂದು ಬೀನ್ಸ್ ಚೂರನ್ನು ಪಕ್ಕಕ್ಕೆ ಎಳೆದು, ಮಗುಚಿ ಹಾಕಿ, ಎಲ್ಲಾದರೂ ಕಪ್ಪಾಗಿದೆಯೇ ಎಂದು ನೋಡಿತು. ನಾನು ಹೇಳಿ ಮಾಡಿಸಿದ್ದಲ್ಲ. ಮನಸ್ಸಿಗೆ ತಿಳಿಯುವ ಮೊದಲೇ ಬೆರಳು ಇನ್ನೊಂದು ಚೂರನ್ನೂ ಮಗುಚಿತ್ತು.

ಯಾಕೋ ತಲೆ ಎತ್ತಿದೆ. ಗುಣವತಿ ಪಲ್ಯದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಕಣ್ಣು ನನ್ನ ಬೆರಳಿನ ಮೇಲಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ಗೊತ್ತಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ.

"ಅದು ಅಂಗಡಿಯಿಂದ ತಂದದ್ದು ಅನಸೂಯಕ್ಕ" ಎಂದಳು ಮೆತ್ತಗೆ. "ಇವತ್ತು ನೀವು ಬರ್ತೀರಿ ಅಂತ."

ಹೇಳಿ ಒಳಗೆ ಹೋಗಲು ತಿರುಗಿದಳು. ಇವರಿಗೆ ಏನೂ ತಿಳಿಯಲಿಲ್ಲ. ಬಾಯಿ ತುಂಬ ತುತ್ತು ಇಟ್ಟುಕೊಂಡೇ "ಪಲ್ಯ ಇನ್ನೊಂದು ಸ್ವಲ್ಪ ಹಾಕಿ ಗುಣವತಿಯವರೇ, ಬಹಳ ಚೆನ್ನಾಗಿದೆ" ಎಂದು ಎಲೆ ಮುಂದಕ್ಕೆ ಸರಿಸಿದರು. ಅವಳು ಹಿಂದಕ್ಕೆ ಬಂದು ಬಗ್ಗಿ ಬಡಿಸಿದಳು. ನಾನು ತಲೆ ಬಗ್ಗಿಸಿ, ಮಗುಚಿ ಹಾಕಿದ ಆ ಎರಡು ಚೂರುಗಳನ್ನು ಮೊದಲು ತಿಂದೆ. ಊಟ ಮುಗಿಯುವ ತನಕ ಅವಳ ಮುಖ ನೋಡಲಿಲ್ಲ.